ವಲಸೆ, ಪೌರತ್ವ ಎರಡನ್ನೂ ಹಿಡಿದು ಸಮಾಜಶಾಸ್ತ್ರದಲ್ಲಿ ಮುಂದುವರಿಯಬಹುದಾ?

ಹೊಸಓದುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ, ಈಗ ಪಿಎಚ್‌ಡಿಗೆ ಪ್ರಸ್ತಾವನೆ ಬರೆಯುತ್ತಿದ್ದೇನೆ. ನನಗೆ ಬೇಕಾಗಿರುವ ವಿಷಯ ವಲಸೆ ಮತ್ತು ಪೌರತ್ವ, ಎರಡೂ ಒಟ್ಟಿಗೆ. ದೇಶ ಬಿಟ್ಟು ದುಡಿಯೋಕೆ ಹೋದವರು ಅಲ್ಲೇ ಇಪ್ಪತ್ತು ಮೂವತ್ತು ವರ್ಷ ಇದ್ದು, ತೆರಿಗೆ ಕಟ್ಟಿ, ಮಕ್ಕಳನ್ನು ಬೆಳೆಸಿ, ಆದರೂ ಕಾಗದದ ಮೇಲೆ ಹೊರಗಿನವರಾಗಿಯೇ ಉಳಿಯುತ್ತಾರಲ್ಲ, ಅದು ಹೇಗೆ ನಡೆಯುತ್ತೆ, ಆ ಒಂದು ಕಾಗದ ಅವರ ಕೆಲಸ, ಮನೆ, ಮದುವೆ ಎಲ್ಲವನ್ನೂ ಹೇಗೆ ಹಿಡಿದಿಟ್ಟುಕೊಳ್ಳುತ್ತೆ ಅನ್ನೋದು ನನ್ನ ಕುತೂಹಲ.

ಆದರೆ ನಾನು ಮಾತಾಡಿಸಿದ ಅಧ್ಯಾಪಕರೊಬ್ಬರು "ಎರಡರಲ್ಲಿ ಒಂದನ್ನು ಬಿಡು" ಅಂದರು. ವಲಸೆ ಅಂದರೆ ಅಂಕಿಅಂಶ, ಕೂಲಿ, ಕುಟುಂಬ. ಪೌರತ್ವ ಅಂದರೆ ಕಾನೂನು, ರಾಜಕೀಯ ಸಿದ್ಧಾಂತ. ಎರಡು ದೋಣಿಯಲ್ಲಿ ಕಾಲಿಟ್ಟರೆ ಕೆಲಸ ಹುಡುಕುವಾಗ ಯಾವ ವಿಭಾಗದವರೂ ನಮ್ಮವರು ಅನ್ನಲ್ಲ ಅನ್ನೋದು ಅವರ ಮಾತು.

ಇನ್ನೊಂದು ಚಿಂತೆ ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ಪೌರತ್ವದ ಕಾನೂನು ಸರ್ಕಾರ ಬದಲಾದ ಹಾಗೆಲ್ಲ ಬದಲಾಗುತ್ತೆ. ನಾನು ಐದಾರು ವರ್ಷ ಕೂತು ಬರೆದು ಮುಗಿಸೋ ಹೊತ್ತಿಗೆ ಆ ಕಾನೂನೇ ಇಲ್ಲದಿದ್ದರೆ ನನ್ನ ಪ್ರಬಂಧವನ್ನು ಯಾರು ಓದುತ್ತಾರೆ? ಈ ದಾರಿಯಲ್ಲಿ ಹೋದವರು ಇದ್ದರೆ ದಯವಿಟ್ಟು ಹೇಳಿ.

---

ಹಳೇಪಾಠ:

ನಿಮ್ಮ ಅಧ್ಯಾಪಕರು ಹೇಳಿದ ಗೋಡೆ ಒಂದು ಕಾಲದಲ್ಲಿ ನಿಜವಾಗಿಯೂ ಇತ್ತು. ಆ ಗೋಡೆ ಏನನ್ನು ಮರೆಮಾಡಿತು ಅಂತ ನೋಡಿದರೆ ನಿಮ್ಮ ಅರ್ಧ ಉತ್ತರ ಸಿಗುತ್ತೆ.

ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಟಿ.ಎಚ್. ಮಾರ್ಷಲ್ 1949ರಲ್ಲಿ ಕೇಂಬ್ರಿಜ್‌ನಲ್ಲಿ ಪೌರತ್ವದ ಬಗ್ಗೆ ಕೊಟ್ಟ ಉಪನ್ಯಾಸವನ್ನು ಇವತ್ತಿಗೂ ಎಲ್ಲ ಕಡೆ ಓದಿಸುತ್ತಾರೆ, ನೀವೂ ಎಂ.ಎ.ಯಲ್ಲಿ ಓದಿರುತ್ತೀರಿ. ನಾಗರಿಕ ಹಕ್ಕು 18ನೇ ಶತಮಾನದಲ್ಲಿ, ರಾಜಕೀಯ ಹಕ್ಕು 19ರಲ್ಲಿ, ಸಾಮಾಜಿಕ ಹಕ್ಕು 20ರಲ್ಲಿ ಬಂತು ಅಂತ ಇಂಗ್ಲೆಂಡಿನ ಕಥೆಯನ್ನು ಮೂರು ಹೆಜ್ಜೆಯಲ್ಲಿ ಹೇಳಿದರು. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಹೊರಗಿನಿಂದ ಬಂದವರು ಆ ಕಥೆಯೊಳಗೆ ಕಾಣುವುದೇ ಇಲ್ಲ. ಅದರ ಹಿಂದಿನ ವರ್ಷವಷ್ಟೇ, 1948ರ ಜೂನ್‌ನಲ್ಲಿ, ವಿಂಡ್‌ರಷ್ ಹಡಗು ಕೆರಿಬಿಯನ್ ದ್ವೀಪಗಳಿಂದ ಜನರನ್ನು ಇಂಗ್ಲೆಂಡಿಗೆ ಕರೆತಂದಿತ್ತು. ಅವರು ಬ್ರಿಟಿಷ್ ಪ್ರಜೆಗಳಾಗಿಯೇ ಬಂದಿಳಿದರು.

ಆಮೇಲೆ ಏನಾಯ್ತು ಗೊತ್ತಲ್ಲ. ಆ ತಲೆಮಾರಿನಲ್ಲಿ ಬಂದವರಲ್ಲಿ, ಅದರಲ್ಲೂ ಚಿಕ್ಕ ಮಕ್ಕಳಾಗಿ ಬಂದವರಲ್ಲಿ ಹಲವರಿಗೆ, ಕೆಲಸಕ್ಕೆ, ಬಾಡಿಗೆ ಮನೆಗೆ, ಚಿಕಿತ್ಸೆಗೆ ದಾಖಲೆ ತೋರಿಸಿ ಅನ್ನುವ ಕಟ್ಟುನಿಟ್ಟು ಬಂದಾಗ ತೋರಿಸೋಕೆ ಏನೂ ಇರಲಿಲ್ಲ. ಇಡೀ ಬದುಕು ಅಲ್ಲೇ ಕಳೆದವರು ಕೆಲಸ ಕಳೆದುಕೊಂಡರು, ಕೆಲವರನ್ನು ದೇಶದಿಂದಲೇ ಹೊರಗೆ ಕಳಿಸಿದರು. ಅವರು ಬಂದಿಳಿದಾಗಿನ ಚೀಟಿಗಳನ್ನು 2010ರಲ್ಲಿ ಗೃಹ ಇಲಾಖೆಯೇ ನಾಶ ಮಾಡಿತ್ತು. 2018ರಲ್ಲಿ ಎಲ್ಲ ಹೊರಬಿದ್ದು ಪ್ರಧಾನಿ ಕ್ಷಮೆ ಕೇಳಬೇಕಾಯ್ತು, ಗೃಹ ಸಚಿವೆ ರಾಜೀನಾಮೆ ಕೊಟ್ಟರು. ಇದನ್ನು ಯಾವ ಕಪಾಟಿನಲ್ಲಿ ಇಡುತ್ತೀರಿ, ವಲಸೆಯದ್ದಾ, ಪೌರತ್ವದ್ದಾ? ಬರೀ ವಲಸೆ ಓದಿದವರಿಗೆ ಇದು 1970ರ ಹೊತ್ತಿಗೇ ಮುಗಿದ ಕಥೆ. ಬರೀ ಪೌರತ್ವದ ಕಾನೂನು ಓದಿದವರಿಗೆ ಇವರು ಹಕ್ಕುಳ್ಳವರು, ಅಷ್ಟೇ. ಹಕ್ಕು ಇದ್ದೂ ಕೈಗೆ ಸಿಗದೇ ಹೋದದ್ದನ್ನು ನೋಡಬೇಕಾದರೆ ಎರಡೂ ಗೊತ್ತಿರಬೇಕು.

ಇಡೀ ವೃತ್ತಿಯನ್ನು ಹೀಗೆ ಕಟ್ಟಿಕೊಂಡವರಿಗೆ ಉದಾಹರಣೆ ಬೇಕಾದರೆ ಸ್ಟೀಫನ್ ಕ್ಯಾಸಲ್ಸ್ ಅವರನ್ನು ನೋಡಿ. 1944ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿ, ಜರ್ಮನಿಯಲ್ಲೂ ಇಂಗ್ಲೆಂಡಿನಲ್ಲೂ ಓದಿದವರು. ಗೊಡುಲಾ ಕೊಸಾಕ್ ಜೊತೆ 1973ರಲ್ಲಿ ತಂದ ಪುಸ್ತಕದಲ್ಲಿ ಪಶ್ಚಿಮ ಯುರೋಪಿನ ವಲಸೆ ಕಾರ್ಮಿಕರನ್ನು ಅಲ್ಲಿನ ವರ್ಗ ವ್ಯವಸ್ಥೆಯ ಒಳಗಿಟ್ಟು ನೋಡಿದರು. ಆಮೇಲೆ ಆಸ್ಟ್ರೇಲಿಯಾದ ವೊಲಾಂಗಾಂಗ್‌ನಲ್ಲಿ ಬಹುಸಂಸ್ಕೃತಿಯ ಅಧ್ಯಯನ. 2000ರಲ್ಲಿ ಅಲೆಸ್ಟೇರ್ ಡೇವಿಡ್ಸನ್ ಜೊತೆ ನೇರವಾಗಿ ಪೌರತ್ವ ಮತ್ತು ವಲಸೆಯ ಮೇಲೇ ಪುಸ್ತಕ. ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ನಿರಾಶ್ರಿತರ ಅಧ್ಯಯನ ಕೇಂದ್ರದ ನಿರ್ದೇಶಕರು. ಕಾರ್ಖಾನೆ ಕೂಲಿಯಿಂದ ಶುರು ಮಾಡಿ, ಪೌರತ್ವ, ಅಲ್ಲಿಂದ ನಿರಾಶ್ರಿತರು. ಊರು ಬದಲಾದರೂ ಪ್ರಶ್ನೆ ಒಂದೇ: ದುಡಿಯೋಕೆ ಕರೆದವರು ಒಳಗೆ ಸೇರಿಸಿಕೊಳ್ಳೋಕೆ ಯಾಕೆ ಹಿಂದೆಮುಂದೆ ನೋಡುತ್ತಾರೆ? 2022ರಲ್ಲಿ ತೀರಿಕೊಂಡರು. ಅವರು ಮತ್ತು ಮಾರ್ಕ್ ಮಿಲ್ಲರ್ 1993ರಲ್ಲಿ ಬರೆದ ಪಠ್ಯ ಇವತ್ತಿಗೂ ಹೊಸ ಹೊಸ ಆವೃತ್ತಿ ಕಾಣುತ್ತಿದೆ.

ಇನ್ನು ಕಾನೂನು ಬದಲಾಗೋ ಭಯ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಜರ್ಸ್ ಬ್ರೂಬೇಕರ್ 1992ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯನ್ನು ಪಕ್ಕಪಕ್ಕ ಇಟ್ಟು ಬರೆದರು. ಫ್ರಾನ್ಸಿನಲ್ಲಿ 1889ರಿಂದ ಆ ನೆಲದಲ್ಲಿ ಹುಟ್ಟಿದ ವಲಸಿಗರ ಮಕ್ಕಳಿಗೆ ಪೌರತ್ವದ ದಾರಿ ಇತ್ತು, ಜರ್ಮನಿಯಲ್ಲಿ 1913ರ ಕಾನೂನಿನಂತೆ ರಕ್ತಸಂಬಂಧವೇ ಲೆಕ್ಕ. ಟರ್ಕಿಯಿಂದ ಬಂದವರ ಮಕ್ಕಳು ಬರ್ಲಿನ್‌ನಲ್ಲೇ ಹುಟ್ಟಿದರೂ ವಿದೇಶಿಯರು. ಪುಸ್ತಕ ಬಂದು ಎಂಟೇ ವರ್ಷಕ್ಕೆ, 2000ದ ಜನವರಿ 1ರಿಂದ, ಜರ್ಮನಿ ಕಾನೂನು ಬದಲಿಸಿತು. ತಂದೆತಾಯಿಯಲ್ಲಿ ಒಬ್ಬರು ಎಂಟು ವರ್ಷ ಕಾನೂನುಬದ್ಧವಾಗಿ ಅಲ್ಲಿದ್ದರೆ ಹುಟ್ಟಿದ ಮಗುವಿಗೆ ಪೌರತ್ವ. 2024ರಲ್ಲಿ ಇನ್ನೂ ಸಡಿಲವಾಯ್ತು, ಆ ಎಂಟು ಐದಾಯ್ತು, ಹಳೇ ಪೌರತ್ವ ಬಿಡಬೇಕು ಅನ್ನುವ ನಿಯಮವೂ ಹೋಯ್ತು. ಹಾಗಂತ ಬ್ರೂಬೇಕರ್ ಪುಸ್ತಕ ರದ್ದಿಗೆ ಹೋಗಲಿಲ್ಲ. ಅದು ಹಿಡಿದದ್ದು ಕಾನೂನಿನ ಕಲಮನ್ನಲ್ಲ, ಒಂದು ದೇಶ ತನ್ನನ್ನು ತಾನು ಏನಂತ ಅಂದುಕೊಂಡಿದೆ ಅನ್ನೋದು ಕಾನೂನಿಗೆ ಹೇಗೆ ಇಳಿಯುತ್ತೆ ಅನ್ನೋದನ್ನು. ಆ ವಾದ ಜಾಸ್ತಿಯಾಯ್ತು ಅಂತ ಜಗಳ ಆಡಿದವರೂ ಬಹಳ ಜನ. ಮೂವತ್ತು ವರ್ಷ ಜನ ಜಗಳ ಆಡುತ್ತಾರೆ ಅಂದರೆ ಅದು ಬದುಕಿರುವ ಕೆಲಸ. ನೀವು ಒಂದು ಕಾಯ್ದೆಯ ಮೇಲೆ ಬರೆಯಬೇಡಿ, ಆ ಕಾಯ್ದೆ ಜನರ ಬದುಕಿನಲ್ಲಿ ಏನು ಮಾಡುತ್ತೆ ಅನ್ನೋದರ ಮೇಲೆ ಬರೆಯಿರಿ. ಮಧ್ಯದಲ್ಲಿ ಕಾನೂನು ಬದಲಾದರೆ ನಿಮಗೆ ಹಿಂದು ಮುಂದು ಎರಡನ್ನೂ ಹೋಲಿಸೋ ಅವಕಾಶ ಸಿಕ್ಕಿತು ಅಂತ ತಿಳಿಯಿರಿ.

---

ಅಂಕಿಸಾಲು:

ಮೇಲಿನವರ ಮಾತು ಸರಿ, ಆದರೆ ಒಂದು ಸೇರಿಸಲೇಬೇಕು. ಈ ಕ್ಷೇತ್ರಕ್ಕೆ ಬರುವ ಹೊಸಬರು ಬಹಳ ಮಂದಿ ಲೆಕ್ಕಕ್ಕೆ ಹೆದರಿ ಬರೀ ಸಂದರ್ಶನಕ್ಕೆ ನಿಲ್ಲುತ್ತಾರೆ. ಹಾಗೆ ಮಾಡಬೇಡಿ.

ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಹುಟ್ಟಿದ ದೇಶದ ಹೊರಗೆ ಇರುವವರು ಸುಮಾರು 30.4 ಕೋಟಿ, ಅಂದರೆ ಜಗತ್ತಿನ ಜನಸಂಖ್ಯೆಯ 3.7 ಶೇಕಡಾ. ಇದನ್ನು ಸುಮ್ನೆ ಪೀಠಿಕೆಯಲ್ಲಿ ಹಾಕಿ ಮುಂದೆ ಹೋಗುತ್ತಾರೆ. ಆದರೆ ಈ ಅಂಕಿ ಎಲ್ಲಿಂದ ಬಂತು? ಕೆಲವು ದೇಶ ಹುಟ್ಟಿದ ಜಾಗ ನೋಡಿ ಎಣಿಸುತ್ತವೆ, ಕೆಲವು ಪೌರತ್ವ ನೋಡಿ ಎಣಿಸುತ್ತವೆ. ಎರಡೂ ಒಂದೇ ಅಲ್ಲ. ಪೌರತ್ವ ಪಡೆದ ಕೂಡಲೇ ಒಂದು ದೇಶದಲ್ಲಿ ನೀವು ವಲಸಿಗರ ಪಟ್ಟಿಯಿಂದ ಮಾಯವಾಗುತ್ತೀರಿ, ಇನ್ನೊಂದರಲ್ಲಿ ಸಾಯೋವರೆಗೂ ಇರುತ್ತೀರಿ. ಅಲ್ಲಿಯೇ ಹುಟ್ಟಿ ಪೌರತ್ವ ಸಿಗದ ಮಗು ಒಂದು ಕಡೆ ವಲಸಿಗ, ಇನ್ನೊಂದು ಕಡೆ ಅಲ್ಲ. ನಿಮ್ಮ ಎರಡು ವಿಷಯಗಳು ಕೂಡುವ ಜಾಗ ಇಲ್ಲೇ ಇದೆ, ಅದೂ ಜನಗಣತಿಯ ಒಂದು ಕಾಲಂನಲ್ಲಿ.

ಅಂಕಿ ಮತ್ತು ಮಾತು ಎರಡನ್ನೂ ಕೂಡಿಸೋದು ಹೇಗೆ ಅಂತ ಕಲಿಯಬೇಕಾದರೆ ಡಗ್ಲಸ್ ಮ್ಯಾಸಿ ಮತ್ತು ಹೋರ್ಗೆ ಡುರಾಂಡ್ ಅವರ ಮೆಕ್ಸಿಕನ್ ವಲಸೆ ಯೋಜನೆ ನೋಡಿ. 1982ರಲ್ಲಿ ಶುರುವಾದದ್ದು. ಮೆಕ್ಸಿಕೋದ ಊರುಗಳಿಗೆ ಹೋಗಿ ಮನೆಮನೆಯಲ್ಲಿ ಕೂತು, ಈ ಮನೆಯಿಂದ ಯಾರು ಯಾವ ವರ್ಷ ಗಡಿ ದಾಟಿದರು, ಯಾವಾಗ ವಾಪಸ್ ಬಂದರು, ಮತ್ತೆ ಯಾವಾಗ ಹೋದರು ಅಂತ ಇಡೀ ಬದುಕನ್ನು ದಾಖಲಿಸಿದರು. ಆ ಊರಿನವರನ್ನೇ ಅಮೆರಿಕದಲ್ಲೂ ಹುಡುಕಿ ಕೇಳಿದರು. ವರ್ಷಗಟ್ಟಲೆ ಹೀಗೆ ಸೇರಿಸಿದ್ದರಿಂದ ಒಂದು ವಿಷಯ ಕಣ್ಣಿಗೆ ಬಿತ್ತು. ಗಡಿ ಕಾವಲು ಬಿಗಿಯಾದಾಗ ಹೋಗೋರು ನಿಂತಿದ್ದಕ್ಕಿಂತ ವಾಪಸ್ ಬರೋರು ನಿಂತದ್ದೇ ಜಾಸ್ತಿ. ಮೊದಲು ಸೀಸನ್‌ಗೆ ಹೋಗಿ ದುಡಿದು ಮನೆಗೆ ಬರುತ್ತಿದ್ದವರು, ಮತ್ತೆ ದಾಟೋದು ಕಷ್ಟ, ಅಪಾಯ, ದುಬಾರಿ ಅಂತ ಅಲ್ಲೇ ಉಳಿದು ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ತಡೆಯೋಕೆ ಅಂತ ಮಾಡಿದ್ದು ನೆಲೆಯೂರಿಸಿತು. ಒಂದು ಸಲದ ಸಮೀಕ್ಷೆಯಲ್ಲಾಗಲೀ ಹತ್ತಿಪ್ಪತ್ತು ಸಂದರ್ಶನದಲ್ಲಾಗಲೀ ಇದು ಕಾಣುತ್ತಿರಲಿಲ್ಲ.

---

ಹೊಸಓದುಗ:

ಇಬ್ಬರಿಗೂ ತುಂಬಾ ಧನ್ಯವಾದ. ಜನಗಣತಿ ಕಾಲಂ ವಿಷಯ ನನ್ನ ತಲೆಗೆ ಬಂದೇ ಇರಲಿಲ್ಲ. ಇನ್ನೊಂದು ಕೇಳಬೇಕು. ದಾಖಲೆ ಇಲ್ಲದವರನ್ನು ಮಾತಾಡಿಸೋದು ಹೇಗೆ? ಅವರು ನಮ್ಮನ್ನು ಯಾಕೆ ನಂಬಬೇಕು? ಒಪ್ಪಿಗೆ ಪತ್ರಕ್ಕೆ ಸಹಿ ಬೇಕೇಬೇಕು ಅಂತ ವಿಶ್ವವಿದ್ಯಾಲಯದ ನಿಯಮ ಇರುತ್ತಲ್ಲ, ಹೆಸರು ಬಚ್ಚಿಟ್ಟು ಬದುಕೋರ ಹತ್ತಿರ ಸಹಿ ಕೇಳೋದು ಸರಿಯಾ?

---

ಬಯಲಿಗಿಳಿದವಳು:

ಈ ಪ್ರಶ್ನೆಗೆ ನಾನೇ ಉತ್ತರ ಕೊಡಬೇಕು, ಕ್ಷೇತ್ರಕಾರ್ಯದಲ್ಲೇ ನನ್ನ ಕಾಲ ಕಳೆದಿದೆ.

ಸಹಿ ಕೇಳಬೇಡಿ. ನೈತಿಕ ಸಮಿತಿಗೆ ಅರ್ಜಿ ಹಾಕುವಾಗಲೇ, ಈ ಸಂಶೋಧನೆಯಲ್ಲಿ ಸಹಿ ಮಾಡಿದ ಕಾಗದವೇ ಆ ವ್ಯಕ್ತಿಗೆ ದೊಡ್ಡ ಅಪಾಯ, ಆದ್ದರಿಂದ ಬಾಯಿಮಾತಿನ ಒಪ್ಪಿಗೆ ಸಾಕು ಅಂತ ಕಾರಣ ಸಮೇತ ಬರೆಯಿರಿ. ಬಹಳ ಕಡೆ ಒಪ್ಪುತ್ತಾರೆ. ನಿಜವಾದ ಹೆಸರು, ವಿಳಾಸ, ಕೆಲಸದ ಜಾಗ ಬರೆದುಕೊಳ್ಳಲೇಬೇಡಿ. ನಿಮ್ಮ ಟಿಪ್ಪಣಿಯಲ್ಲಿ ಇಲ್ಲದ್ದನ್ನು ಯಾರೂ ನಿಮ್ಮಿಂದ ಕಿತ್ತುಕೊಳ್ಳೋಕೆ ಆಗಲ್ಲ. ರೆಕಾರ್ಡರ್ ಆನ್ ಮಾಡೋ ಮೊದಲು, "ಯಾವ ದಾರಿಯಲ್ಲಿ ಬಂದ್ರಿ, ಯಾರು ಕರೆತಂದ್ರು ಅನ್ನೋದು ಹೇಳಬೇಡಿ" ಅಂತ ನೀವೇ ಹೇಳಿ. ನಿಮ್ಮ ಪ್ರಶ್ನೆಗೆ ಬೇಡದ ಮಾಹಿತಿ ನಿಮ್ಮ ಹತ್ತಿರ ಇರಲೇಬಾರದು.

ಜನ ಏನು ತೋರಿಸುತ್ತಾರೆ ಗೊತ್ತಾ? ಕಡತ. ಅಡುಗೆಮನೆಯಲ್ಲಿ ದುಡಿಯುವ ಒಬ್ಬರು ಕಾಯಂ ವಾಸದ ಅರ್ಜಿಗೆ ಸಿದ್ಧವಾಗುತ್ತಿದ್ದರು. ಒಂದು ಪ್ಲಾಸ್ಟಿಕ್ ಫೈಲ್ ತಂದು ಮೇಜಿನ ಮೇಲೆ ಬಿಚ್ಚಿದರು. ವರ್ಷಗಳ ಸಂಬಳದ ಚೀಟಿ, ತಿಂಗಳ ಪ್ರಕಾರ ಜೋಡಿಸಿ, ಪ್ರತಿ ವರ್ಷಕ್ಕೂ ಬೇರೆ ಬಣ್ಣದ ಹಾಳೆ ಮಧ್ಯೆ ಇಟ್ಟಿದ್ದರು. ಮಧ್ಯದಲ್ಲಿ ಏಳು ತಿಂಗಳ ಜಾಗ ಖಾಲಿ. ಆಗಿನ ಮಾಲೀಕ ಚೀಟಿ ಕೊಡದೆ ಕೈಗೇ ದುಡ್ಡು ಕೊಡುತ್ತಿದ್ದನಂತೆ. ಆ ಏಳು ತಿಂಗಳು ತಾನು ಇಲ್ಲೇ ಇದ್ದೆ ಅಂತ ತೋರಿಸೋಕೆ ಬಸ್ ಪಾಸು, ಔಷಧಿ ಅಂಗಡಿ ರಸೀದಿ, ಮಗಳ ಶಾಲೆಯಿಂದ ಬಂದ ಸಭೆಯ ನೋಟಿಸು, ಹೀಗೆ ಏನೇನೋ ತುಂಬಿದ್ದರು. ರಸೀದಿಗಳ ಅಕ್ಷರ ಮಾಸಿಹೋಗುತ್ತೆ ಅಂತ ಎಲ್ಲದರದ್ದೂ ಜೆರಾಕ್ಸ್ ಮಾಡಿ ಹಿಂದೆ ಪಿನ್ ಹಾಕಿದ್ದರು. ನಾನು ಒಂದೂ ಪ್ರಶ್ನೆ ಕೇಳಲಿಲ್ಲ, ಅವರೇ ಒಂದೊಂದು ಹಾಳೆ ತಿರುವಿ ಆ ತಿಂಗಳು ಏನಾಯ್ತು ಅಂತ ಹೇಳುತ್ತಾ ಹೋದರು. ಪೌರತ್ವ ಅಂದರೇನು ಅಂತ ಕೇಳಿದ್ದರೆ ಅವರು ಎರಡು ವಾಕ್ಯ ಹೇಳಿ ಸುಮ್ಮನಾಗುತ್ತಿದ್ದರು. ಕಡತ ಬಿಚ್ಚಿದ್ದರಿಂದ ಇಡೀ ಮಧ್ಯಾಹ್ನ ಮಾತಾಡಿದರು.

ಸೆಸಿಲಿಯಾ ಮೆಂಹೀವಾರ್ 2006ರಲ್ಲಿ ಬರೆದ ಲೇಖನವೊಂದಿದೆ, ಅಮೆರಿಕದಲ್ಲಿರುವ ಸಾಲ್ವಡಾರ್ ಮತ್ತು ಗ್ವಾಟೆಮಾಲಾದವರ ಬಗ್ಗೆ. ಕಾನೂನಿನ ಒಳಗೂ ಇಲ್ಲ, ಹೊರಗೂ ಇಲ್ಲ, ತಾತ್ಕಾಲಿಕ ಪರವಾನಗಿ ಆಗಾಗ ನವೀಕರಿಸಿಕೊಂಡು ಹೊಸ್ತಿಲ ಮೇಲೇ ವರ್ಷಗಟ್ಟಲೆ ನಿಂತವರು. ಆ ಸ್ಥಿತಿ ಅವರ ಕುಟುಂಬ, ಚರ್ಚು, ಕಲೆ ಎಲ್ಲಕ್ಕೂ ಹೇಗೆ ಹಬ್ಬಿತು ಅಂತ ತೋರಿಸಿದ್ದಾರೆ. ನಿಮ್ಮ ಪ್ರಸ್ತಾವನೆಗೆ ಹತ್ತಿರದ ಓದು ಅದು.

ಇನ್ನೊಬ್ಬರು ಅಬ್ದೆಲ್‌ಮಾಲೆಕ್ ಸಯಾದ್. ಇವರ ಬಗ್ಗೆ ನನಗೆ ಬೇರೆಯೇ ಗೌರವ. 1933ರಲ್ಲಿ ಅಲ್ಜೀರಿಯಾದ ಕಬೀಲಿಯಾದಲ್ಲಿ ಹುಟ್ಟಿದವರು, ಅಲ್ಜಿಯರ್ಸ್‌ನಲ್ಲಿ ಫ್ರೆಂಚ್ ಸಮಾಜಶಾಸ್ತ್ರಜ್ಞ ಬೂರ್ದಿಯೂ ಅವರ ವಿದ್ಯಾರ್ಥಿ. ಸ್ವಾತಂತ್ರ್ಯ ಯುದ್ಧದ ಹೊತ್ತಿನಲ್ಲಿ ಫ್ರೆಂಚ್ ಸೇನೆ ರೈತರನ್ನು ಊರಿನಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿದ್ದನ್ನು ಇಬ್ಬರೂ ಸೇರಿ ಅಧ್ಯಯನ ಮಾಡಿ 1964ರಲ್ಲಿ ಪ್ರಕಟಿಸಿದರು. ಆಮೇಲೆ ಸಯಾದ್ ತಾವೇ ಫ್ರಾನ್ಸಿಗೆ ಹೋಗಿ, ಅಲ್ಲಿನ ಅಲ್ಜೀರಿಯನ್ ಕೂಲಿಗಳ ಮಾತು ಕೇಳುತ್ತಾ ಬದುಕು ಸವೆಸಿದರು. ಅವರ ಪಟ್ಟು ಒಂದೇ: ಬಂದವನನ್ನು ಮಾತ್ರ ನೋಡಬೇಡಿ, ಅವನು ಒಂದು ಊರಿನಿಂದ ಹೋದವನೂ ಹೌದು. ಬಿಟ್ಟುಬಂದ ಮನೆಯ ಕಡೆಯಿಂದ ಶುರು ಮಾಡದ ವಲಸೆ ಅಧ್ಯಯನ ಅರ್ಧ ಮಾತ್ರ. 1998ರಲ್ಲಿ ತೀರಿಕೊಂಡರು, ಮುಖ್ಯ ಬರಹಗಳು ಪುಸ್ತಕವಾಗಿ ಬಂದದ್ದು ಮರುವರ್ಷ. ನೀವು ಸಂದರ್ಶನ ಮಾಡೋಕೆ ಹೊರಡೋ ಮುಂಚೆ ಓದಿ. ಒಬ್ಬ ಮನುಷ್ಯ ತನ್ನ ಊರಿನ ಬಗ್ಗೆ ಮಾತಾಡುವಾಗ ಎಷ್ಟು ಹೊತ್ತು ಸುಮ್ಮನೆ ಕೇಳಬೇಕು ಅನ್ನೋದು ಅವರ ಸಂದರ್ಶನಗಳಲ್ಲಿ ಕಾಣುತ್ತೆ.

---

ಒಳದಾರಿ:

ಎಲ್ಲರೂ ಗಡಿ ದಾಟಿದವರ ಬಗ್ಗೆಯೇ ಹೇಳುತ್ತಿದ್ದೀರಿ, ನನಗೆ ಇದು ಒಪ್ಪಿಗೆ ಇಲ್ಲ. ದೇಶದ ಒಳಗೇ ಊರು ಬಿಟ್ಟು ಹೋದವರು ಇದಕ್ಕಿಂತ ಎಷ್ಟೋ ಜಾಸ್ತಿ. ವಿಶ್ವಸಂಸ್ಥೆಯ 2009ರ ಮಾನವ ಅಭಿವೃದ್ಧಿ ವರದಿಯೇ ಅವರನ್ನು 74 ಕೋಟಿ ಅಂತ ಅಂದಾಜು ಮಾಡಿತ್ತು. ಅವರ ಹತ್ತಿರ ಪೌರತ್ವ ಇದೆ, ಆದರೂ ಹೋದ ಊರಿನಲ್ಲಿ ಹಕ್ಕು ಸಿಗಲ್ಲ. ಚೀನಾದ ಹುಕೋ ಪದ್ಧತಿ ನೋಡಿ. 1958ರಿಂದ ಪ್ರತಿಯೊಬ್ಬರ ಹೆಸರೂ ಒಂದು ಊರಿಗೆ ಕಟ್ಟಿದೆ, ಬಹಳ ಕಾಲ ಹಳ್ಳಿಯವರು ಅಥವಾ ನಗರದವರು ಅಂತ ವಿಂಗಡಿಸಿದ್ದರು. ನಗರಕ್ಕೆ ಹೋಗಿ ಕಟ್ಟಡ ಕಟ್ಟಿದವರ ಮಕ್ಕಳಿಗೆ ಅದೇ ನಗರದ ಸರ್ಕಾರಿ ಶಾಲೆಯಲ್ಲಿ ಜಾಗ ಸಿಗೋದು ಕಷ್ಟ. ಇತ್ತೀಚೆಗೆ ಸಣ್ಣ ನಗರಗಳಲ್ಲಿ ಸಡಿಲ ಮಾಡಿದ್ದಾರೆ, ದೊಡ್ಡ ನಗರಗಳಲ್ಲಿ ಇನ್ನೂ ಬಿಗಿ. ಪಾಸ್‌ಪೋರ್ಟ್ ಒಂದೇ, ಪೌರತ್ವ ಒಂದೇ, ಬದುಕು ಮಾತ್ರ ವಿದೇಶಿಯರ ಹಾಗೆ. ವಲಸೆ ಮತ್ತು ಪೌರತ್ವ ಕೂಡುವ ಜಾಗವನ್ನು ಬರೀ ವಿಮಾನ ನಿಲ್ದಾಣದಲ್ಲಿ ಹುಡುಕಬೇಡಿ. 2002ರಲ್ಲಿ ಆಂಡ್ರಿಯಾಸ್ ವಿಮ್ಮರ್ ಮತ್ತು ನೀನಾ ಗ್ಲಿಕ್ ಶಿಲ್ಲರ್ ಎತ್ತಿದ ಆಕ್ಷೇಪವೂ ಇದರ ಹತ್ತಿರದ್ದೇ: ಸಮಾಜ ಅಂದರೆ ದೇಶ, ದೇಶ ಅಂದರೆ ಸಮಾಜ ಅಂತ ಸಮಾಜವಿಜ್ಞಾನ ಯೋಚನೆ ಮಾಡದೇ ಒಪ್ಪಿಕೊಂಡುಬಿಟ್ಟಿದೆ ಅಂತ.

---

ದಾರಿಸವೆದವನು:

ಓದಿನ ವಿಷಯ ಎಲ್ಲ ಹೇಳಿದ್ದಾರೆ, ನಾನು ಹೊಟ್ಟೆಪಾಡಿನ ಮಾತು ಹೇಳುತ್ತೇನೆ.

ಪಿಎಚ್‌ಡಿ ಆದ ಮೇಲೆ ಕಾಯಂ ಕೆಲಸ ಸಿಗೋವರೆಗೆ ಒಂದೆರಡು ವರ್ಷದ ಗುತ್ತಿಗೆ ಕೆಲಸಗಳು ಬರುತ್ತವೆ. ಅವು ಬಹಳ ಸಲ ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ದೇಶದಲ್ಲಿ. ವೀಸಾಕ್ಕೆ ಕ್ಯೂ ನಿಲ್ಲುವ ಸರದಿ ನಿಮಗೂ ಬರುತ್ತೆ. ಸಂಸಾರ ಇದ್ದರೆ ಮನೆಯವರ ಜೊತೆ ಈಗಲೇ ಕೂತು ಮಾತಾಡಿಕೊಳ್ಳಿ.

ದುಡ್ಡು ಎಲ್ಲಿಂದ ಬರುತ್ತೆ ಅನ್ನೋದು ಇನ್ನೂ ಮುಖ್ಯ. ಈ ವಿಷಯಕ್ಕೆ ಸರ್ಕಾರಗಳು, ಅಂತರರಾಷ್ಟ್ರೀಯ ಸಂಸ್ಥೆಗಳು ಹಣ ಕೊಡುತ್ತವೆ, ಆದರೆ ಅವರ ಪ್ರಶ್ನೆ ಬೇರೆ. ಬಂದವರು ಸರಿಯಾಗಿ ಹೊಂದಿಕೊಂಡರಾ, ಭಾಷೆ ಕಲಿತರಾ, ವಾಪಸ್ ಹೋಗುತ್ತಾರಾ ಅಂತ ಅವರು ಕೇಳುತ್ತಾರೆ. ಅರ್ಜಿಯನ್ನು ತಳ್ಳಿಹಾಕುವ ಕಚೇರಿ ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಹಣ ಸಿಗೋದು ಕಡಿಮೆ. ಹಾಗಂತ ಅಂಥ ಯೋಜನೆ ಬೇಡ ಅನ್ನಬೇಡಿ, ನಾನೂ ಮಾಡಿದ್ದೇನೆ, ಅದರಲ್ಲಿ ಸಿಕ್ಕ ಸಂಪರ್ಕ ಬೇರೆಲ್ಲೂ ಸಿಗುತ್ತಿರಲಿಲ್ಲ. ಆದರೆ ಜೊತೆಜೊತೆಗೆ ನಿಮ್ಮದೇ ಒಂದು ಪ್ರಶ್ನೆಯನ್ನು ಬದಿಗಿಟ್ಟು ಬೆಳೆಸುತ್ತಾ ಇರಿ. ಹತ್ತು ವರ್ಷ ಬರೀ ಬೇರೆಯವರ ಪ್ರಶ್ನೆಗೆ ವರದಿ ಬರೆದವರನ್ನು ನೋಡಿದ್ದೇನೆ, ಒಳ್ಳೆಯ ಬುದ್ಧಿವಂತರು, ಅವರ ಹೆಸರಿನಲ್ಲಿ ಒಂದು ವಾದವೂ ಉಳಿದಿಲ್ಲ. ನನಗೆ ಅದು ತುಂಬಾ ಬೇಜಾರಿನ ಸಂಗತಿ.

ಯಾವ ವಿಭಾಗ ನಮ್ಮವರು ಅನ್ನುತ್ತೆ ಅನ್ನೋ ಭಯ ಬಿಡಿ. ಅಂತರರಾಷ್ಟ್ರೀಯ ಸಮಾಜಶಾಸ್ತ್ರ ಸಂಘದಲ್ಲಿ ವಲಸೆಗೇ ಒಂದು ಸಂಶೋಧನಾ ಸಮಿತಿ ಇದೆ, 31ನೆಯದು. ಯುರೋಪಿನಲ್ಲಿ ಇಮಿಸ್ಕೋ ಅನ್ನೋ ವಲಸೆ ಸಂಶೋಧಕರ ದೊಡ್ಡ ಜಾಲ ಇದೆ. ಪೌರತ್ವಕ್ಕೆ ಬೇರೆಯೇ ಪತ್ರಿಕೆಗಳಿವೆ. ದೇಶದೇಶಗಳ ಪೌರತ್ವ ಕಾನೂನನ್ನು ಹೋಲಿಸಿ ನೋಡೋಕೆ ಗ್ಲೋಬಲ್‌ಸಿಟ್ ಜಾಲತಾಣ ಉಚಿತವಾಗಿದೆ, ಫ್ಲಾರೆನ್ಸಿನ ಯುರೋಪಿಯನ್ ವಿಶ್ವವಿದ್ಯಾಲಯ ಸಂಸ್ಥೆಯದ್ದು. ಅರ್ಜಿ ಹಾಕುವಾಗ ನಾನು ಸಮಾಜಶಾಸ್ತ್ರಜ್ಞ ಅಂತಲೇ ಶುರು ಮಾಡಿ, ಕುಟುಂಬ, ಕಾರ್ಮಿಕ, ಕಾನೂನು ಇವುಗಳಲ್ಲಿ ಯಾವುದಾದರೂ ಒಂದು ಮೂಲ ವಿಷಯವನ್ನು ಪಾಠ ಮಾಡೋಕೆ ತಯಾರಿದ್ದೇನೆ ಅಂತ ತೋರಿಸಿ. ವಿಭಾಗದವರು ಮೊದಲು ನೋಡೋದು ಅದನ್ನೇ.

ಭಾಷೆ ಒಂದನ್ನು ಕಲಿಯಿರಿ. ದುಭಾಷಿ ಇಟ್ಟುಕೊಂಡು ಮಾಡಿದ ಸಂದರ್ಶನದಲ್ಲಿ ಜನ ಕಚೇರಿಯಲ್ಲಿ ಮಾತಾಡಿದ ಹಾಗೆ ಮಾತಾಡುತ್ತಾರೆ.

---

ಹೊಸಓದುಗ:

ಎಲ್ಲರೂ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಮನಸ್ಸು ತುಂಬಿ ಬಂತು. ಕಡತದ ಮಾತು ಓದಿದ ಮೇಲೆ ನನ್ನ ಪ್ರಸ್ತಾವನೆಗೆ ಒಂದು ರೂಪ ಕಾಣುತ್ತಿದೆ. ಜನ ವರ್ಷಗಟ್ಟಲೆ ಕಾಗದ ಕೂಡಿಡುತ್ತಾರಲ್ಲ, ಯಾವುದನ್ನು ಇಡಬೇಕು ಅಂತ ಅವರಿಗೆ ಯಾರು ಹೇಳಿಕೊಡುತ್ತಾರೆ, ಕಚೇರಿಯಲ್ಲಿ ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ ಅನ್ನೋದೇ ನನ್ನ ಪ್ರಶ್ನೆ ಆಗಬಹುದಾ? ಕಾನೂನು ಬದಲಾದರೆ ಹಳೇ ಕಡತ ಏನಾಗುತ್ತೆ ಅನ್ನೋದನ್ನೂ ಸೇರಿಸಬಹುದು ಅನ್ನಿಸುತ್ತಿದೆ.

---

ಹಳೇಪಾಠ:

ಆಗಬಹುದು, ಖಂಡಿತ ಆಗಬಹುದು. ಒಂದೇ ತಿದ್ದುಪಡಿ. ಕಡತ ಕಟ್ಟೋರನ್ನು ಮಾತ್ರ ಮಾತಾಡಿಸಬೇಡಿ. ಅದನ್ನು ತೆಗೆದುಕೊಳ್ಳೋ ಗುಮಾಸ್ತರು, ಮಧ್ಯದಲ್ಲಿ ಅರ್ಜಿ ತುಂಬಿಕೊಡೋರು, ಸಹಾಯ ಮಾಡೋ ವಕೀಲರು, ಇವರೂ ಬೇಕು. ಗುಮಾಸ್ತರ ಒಪ್ಪಿಗೆ ಸಿಗೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ಆದ್ದರಿಂದ ಆ ಪತ್ರವ್ಯವಹಾರ ಮೊದಲ ವರ್ಷದಲ್ಲೇ ಶುರು ಮಾಡಿ. ಪ್ರಸ್ತಾವನೆಯ ಕರಡು ಆದ ಮೇಲೆ ಇಲ್ಲಿ ಹಾಕಿ, ಓದಿ ಹೇಳುತ್ತೇನೆ.